ಬಗ್ಗಿ ನೋಡಿದರೆ ಗೊತ್ತಾಗುತ್ತದೆ

ನನ್ನದು ಶಿರಸಿಯಲ್ಲಿ ಸಣ್ಣ ವಿಡಿಯೋ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶ, ಆಗಾಗ ಒಂದು ಯಕ್ಷಗಾನ. ಮೂರು ವರ್ಷದ ಹಿಂದೆ ಕಾರವಾರ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ಫೋನ್ ಮಾಡಿ, "ಭಟ್ರೇ, ನಮ್ಮ ಜಾಗಕ್ಕೆ ಒಂದು ವಿಆರ್ ಮಾಡಿಕೊಡಿ" ಅಂದರು. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಆ ಜಾಗದಲ್ಲೇ ಇದ್ದಂತೆ ಅನ್ನಿಸುವುದು. ಒಪ್ಪಿಕೊಂಡೆ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಫಿಶ್‌ಐ ಲೆನ್ಸಿನ, ಸುತ್ತಲಿನದೆಲ್ಲ ಒಟ್ಟಿಗೇ ಸೆರೆಹಿಡಿಯುವ 360 ಕ್ಯಾಮೆರಾ ಆಗಷ್ಟೇ ಕೊಂಡಿದ್ದೆ. ಅದರಲ್ಲಿ ತೆಗೆದದ್ದೆಲ್ಲ ವಿಆರ್ ಎಂದೇ ನಾನೂ ನಂಬಿದ್ದೆ. ಬಿಲ್ಲಿನಲ್ಲೂ ಹಾಗೇ ಬರೆದೆ.

ಮೂರು ತುಣುಕು ತೆಗೆದೆ. ಒಂದು ಸದಾಶಿವಗಡದ ಗುಡ್ಡದ ಮೇಲಿಂದ, ಕಾಳಿ ನದಿ ಸಮುದ್ರ ಸೇರುವ ನೋಟ. ಎರಡನೆಯದು ಕಾಳಿಯಲ್ಲಿ ದೋಣಿ ಪ್ರಯಾಣ. ಮೂರನೆಯದು ಹೋಂಸ್ಟೇಯ ಜಗುಲಿ. ಒಂದು ಹೆಡ್‌ಸೆಟ್ ಒಯ್ದು ಅಲ್ಲಿದ್ದ ಅತಿಥಿಗಳಿಗೇ ತೋರಿಸಿದೆವು.

ಗುಡ್ಡದ ನೋಟಕ್ಕೆ ಎಲ್ಲರೂ ವಾಹ್ ಅಂದರು. ದೋಣಿಯದು ಹಾಕಿದ ಎರಡೇ ನಿಮಿಷಕ್ಕೆ ಒಬ್ಬರು ಹೆಡ್‌ಸೆಟ್ ಕಿತ್ತು ನಿಂಬೆಹಣ್ಣು ಕೇಳಿದರು. ಜಗುಲಿಯದು ಹಾಕಿದಾಗ ಎಂಟು ಹತ್ತು ವರ್ಷದ ಹುಡುಗನೊಬ್ಬ ಎದ್ದು ಉಯ್ಯಾಲೆ ಕಡೆ ನಡೆದ. ನಾಲ್ಕು ಹೆಜ್ಜೆ ಹಾಕಿದರೂ ಉಯ್ಯಾಲೆ ಹತ್ತಿರ ಬರಲಿಲ್ಲ. ಐದನೆಯದಕ್ಕೆ ಮೊಣಕಾಲು ಟೀಪಾಯಿಗೆ ಬಡಿಯಿತು. ಅವನ ಅಮ್ಮ ಬೈದದ್ದು ನನಗೆ. ನ್ಯಾಯವೇ ಬಿಡಿ. ನಾನು ವಿಆರ್ ಅಂದಿದ್ದೆ, ಹುಡುಗ ನಂಬಿದ್ದ.

ವಾಪಸ್ ಬರುವಾಗ ದೇವಿಮನೆ ಘಟ್ಟದ ತಿರುವುಗಳಲ್ಲಿ ಇದೇ ಯೋಚನೆ. ಒಂದೇ ಕ್ಯಾಮೆರಾ, ಒಂದೇ ಹೆಡ್‌ಸೆಟ್. ಗುಡ್ಡ ಸರಿಯಾಗಿ ಕಂಡು ಜಗುಲಿ ಯಾಕೆ ಕೆಟ್ಟಿತು?

ಉತ್ತರ ಇಷ್ಟೇ. 360 ವಿಡಿಯೋ ಅಂದರೆ ಒಂದು ದೊಡ್ಡ ಚೆಂಡಿನ ಒಳಮೈಗೆ ಅಂಟಿಸಿದ ಚಿತ್ರ. ನೀವು ಚೆಂಡಿನ ನಡುವೆ ಕೂತಿರುತ್ತೀರಿ. ತಲೆಯನ್ನು ಎಡಬಲಕ್ಕೆ ತಿರುಗಿಸಬಹುದು, ಮೇಲೆ ಕೆಳಗೆ ನೋಡಬಹುದು, ಓರೆ ಮಾಡಬಹುದು. ಮುಂದೆ ಒಂದು ಗೇಣು ಸರಿದರೆ ಚೆಂಡೂ ನಿಮ್ಮ ಜೊತೆಗೇ ಸರಿಯುತ್ತದೆ. ಕ್ಯಾಮೆರಾ ಎಲ್ಲಿ ನಿಂತಿತ್ತೋ ಅದೇ ನಿಮ್ಮ ಜಾಗ, ಕೊನೆಯವರೆಗೂ. ನಿಜವಾದ ವಿಆರ್‌ನಲ್ಲಿ ತಿರುಗುವುದರ ಜೊತೆಗೆ ಸರಿಯುವುದೂ ಇದೆ. ಹಿಂದೆ ಮುಂದೆ, ಅತ್ತ ಇತ್ತ, ಏಳುವುದು, ಕೂರುವುದು. ಹೆಡ್‌ಸೆಟ್‌ನ ಹೊರಗಿನ ಕ್ಯಾಮೆರಾಗಳು ಕೋಣೆಯನ್ನು ನೋಡುತ್ತಾ ನಿಮ್ಮ ತಲೆ ಎಷ್ಟು ಸರಿಯಿತು ಎಂದು ಲೆಕ್ಕ ಇಡುತ್ತವೆ. ಕಂಪ್ಯೂಟರ್ ಆ ಜಾಗದಿಂದ ಕಾಣಬೇಕಾದ ಚಿತ್ರವನ್ನು ಆ ಕ್ಷಣಕ್ಕೆ ಹೊಸದಾಗಿ ಬಿಡಿಸುತ್ತದೆ. ಮೊದಲೇ ತೆಗೆದಿಟ್ಟ ಚಿತ್ರವನ್ನು ಹಾಗೇ ತೋರಿಸುವುದಲ್ಲ.

ಹೀಗೆ ಸುತ್ತಲೂ ಕಾಣುವ ಚಿತ್ರಕ್ಕೆ ಪನೋರಮ ಅನ್ನುತ್ತಾರೆ, ಆ ಮಾತೂ ಹಳೆಯದೇ. ರಾಬರ್ಟ್ ಬಾರ್ಕರ್ ಎಂಬ ಚಿತ್ರಗಾರ 1787ರಲ್ಲೇ ದುಂಡನೆಯ ಗೋಡೆಗೆ ಸುತ್ತ ಚಿತ್ರ ಬಿಡಿಸಿ ನಡುವೆ ಜನರನ್ನು ನಿಲ್ಲಿಸುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ನನ್ನ ಕ್ಯಾಮೆರಾ ಮಾಡುವುದು ಅದನ್ನೇ. ಇನ್ನೊಂದು ಕಡೆ, 1968ರಲ್ಲಿ ಇವಾನ್ ಸದರ್ಲೆಂಡ್ ಮಾಡಿದ ಹೆಡ್‌ಸೆಟ್‌ನಲ್ಲಿ ಕಾಣುತ್ತಿದ್ದದ್ದು ಬರೀ ಗೆರೆಗಳ ಆಕೃತಿ. ಆದರೆ ತಲೆ ಸರಿದರೆ ಆಕೃತಿಯ ನೋಟವೂ ಬದಲಾಗುತ್ತಿತ್ತು. ನನ್ನ ಬಣ್ಣಬಣ್ಣದ ಜಗುಲಿಗಿಂತ ಆ ಗೆರೆಗಳೇ ಹೆಚ್ಚು ವಿಆರ್!

ಇನ್ನು ಗುಡ್ಡದ ಗುಟ್ಟು. ತಲೆಯನ್ನು 20 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ. ಒಂದು ಮೀಟರ್ ದೂರದ ಕಂಬ ಸುಮಾರು 11 ಡಿಗ್ರಿ ಜರುಗಿದಂತೆ ಕಾಣಬೇಕು. 20 ಮೀಟರ್ ದೂರದ ತೆಂಗಿನಮರ ಅರ್ಧ ಡಿಗ್ರಿಯಷ್ಟು. ಸಮುದ್ರದಾಚೆಯ ದ್ವೀಪ ಜರುಗುವುದೇ ಇಲ್ಲ ಅನ್ನಬಹುದು. ಹಾಗಾಗಿ ದೂರದ ನೋಟಕ್ಕೆ ಪನೋರಮ ಮೋಸವಿಲ್ಲದೆ ಸಾಕು. ಹತ್ತಿರದ ಕಂಬ ಜರುಗದೆ ನಿಂತರೆ ಮಾತ್ರ ಮನಸ್ಸು ತಕ್ಷಣ ಹಿಡಿದುಬಿಡುತ್ತದೆ, ಇದು ಚಿತ್ರ, ಕಂಬ ಅಲ್ಲ ಅಂತ. ಅದೂ ಅಲ್ಲದೆ ಇಂಥ ಕ್ಯಾಮೆರಾದಲ್ಲಿ ಎರಡು ಕಣ್ಣಿಗೂ ಒಂದೇ ಚಿತ್ರ. ಆಳ ಎಲ್ಲಿಂದ ಬರಬೇಕು?

ದೋಣಿಯ ಕತೆ ಬೇರೆ. ಕ್ಯಾಮೆರಾ ತೇಲುತ್ತಿತ್ತು, ನೋಡುವವರು ಕುರ್ಚಿಯಲ್ಲಿದ್ದರು. ಕಣ್ಣು ಹೋಗುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲ ಕೂತಿದ್ದೇನೆ ಅನ್ನುತ್ತದೆ. ಹೊಟ್ಟೆ ತೊಳಸದೆ ಇನ್ನೇನು? ಅಂದಿನಿಂದ 360 ತೆಗೆಯುವಾಗ ಕ್ಯಾಮೆರಾವನ್ನು ಒಂದೇ ಕಡೆ ನೆಟ್ಟುಬಿಡುತ್ತೇನೆ. ಎರಡು ಲೆನ್ಸಿನ ಚಿತ್ರ ಕೂಡುವ ಹೊಲಿಗೆಯ ಗೆರೆ ಖಾಲಿ ಜಾಗದ ಕಡೆ ಬರುವಂತೆ ನೋಡಿಕೊಳ್ಳುತ್ತೇನೆ. ಆ ದಿನ ಹುಟ್ಟು ಹಾಕುವವನ ಮೊಣಕೈ ಆ ಗೆರೆಯಲ್ಲಿ ಸಿಕ್ಕಿ ಎರಡು ತುಂಡಾಗಿತ್ತು.

ಇಷ್ಟು ತಿಳಿದ ಮೇಲೂ ನಿಜವಾದ ವಿಆರ್ ಮಾಡುವ ಉಸಾಬರಿಗೆ ನಾನು ಹೋಗುತ್ತಿರಲಿಲ್ಲ. ಹೋಗುವಂತೆ ಮಾಡಿದ್ದು ನಮ್ಮ ದೊಡ್ಡಾಯಿ. ಊರಿನ ಹಳೇ ಮನೆ ಬಿಚ್ಚುವುದೆಂದು ತೀರ್ಮಾನವಾಗಿತ್ತು. ನೆನಪಿಗಿರಲಿ ಅಂತ ನಾನು ಜಗುಲಿಯಲ್ಲಿ, ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ ಒಂದೊಂದು 360 ಫೋಟೋ ತೆಗೆದು ಅವರಿಗೆ ತೋರಿಸಿದೆ. ಅವರು ಕುರ್ಚಿಯಲ್ಲಿ ಕೂತಿದ್ದರು, ನನ್ನ ಕ್ಯಾಮೆರಾ ನಿಂತವರ ಎತ್ತರದಲ್ಲಿತ್ತು. "ನೆಲ ಕೆಳಗೆ ಹೋದಾಂಗೆ ಆಗ್ತಲೋ ತಮಾ" ಅಂದರು. ಆಮೇಲೆ ಕತ್ತು ಮುಂದೆ ಚಾಚಿ, ಸೊಂಟ ಬಗ್ಗಿಸಿ ಏನನ್ನೋ ಹುಡುಕಿದರು. "ಕಂಬದ ಹಿಂದೆ ಎನ್ನ ಕವಳದ ತಬಕು ಇತ್ತು. ಬಗ್ಗಿದ್ರೂ ಕಾಣ್ತಿಲ್ಲೆ."

ಎಲೆಅಡಿಕೆಯ ಆ ತಬಕು ಅಲ್ಲೇ ಇತ್ತು. ಕ್ಯಾಮೆರಾ ಬಗ್ಗಿರಲಿಲ್ಲ.

ಮನೆ ಬಿಚ್ಚಲು ಇನ್ನೂ ಒಂದೂವರೆ ತಿಂಗಳಿತ್ತು. ಫೋಟೋಗ್ರಾಮೆಟ್ರಿ ಕಲಿತೆ. ಒಂದೇ ವಸ್ತುವನ್ನು ನೂರಾರು ಕಡೆಯಿಂದ ಫೋಟೋ ತೆಗೆಯಬೇಕು. ಒಂದು ಫೋಟೋದಲ್ಲಿ ಕಂಡದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಬೇಕು. ತಂತ್ರಾಂಶವು ಬೇರೆ ಬೇರೆ ಫೋಟೋಗಳಲ್ಲಿ ಒಂದೇ ಚುಕ್ಕಿಯನ್ನು ಗುರುತಿಸಿ, ಅದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ, ಮನೆಯ ಆಕಾರ ಕಟ್ಟುತ್ತದೆ. ಇಲ್ಲಿ ಕ್ಯಾಮೆರಾ ನಿಂತರೆ ಕೆಟ್ಟಿತು, ಫೋಟೋದಿಂದ ಫೋಟೋಗೆ ಹೆಜ್ಜೆ ಸರಿಯಲೇಬೇಕು. 360ಗೆ ತದ್ವಿರುದ್ಧ. ಜಗುಲಿ, ಅಂಗಳ, ಅಡುಗೆಮನೆ ಸೇರಿ ಸುಮಾರು ಎರಡು ಸಾವಿರ ಫೋಟೋ ಆಯಿತು. ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿದೆ. ಕಂಪ್ಯೂಟರ್ ಮೂರು ರಾತ್ರಿ ಓಡಿತು. ನಡುವೆ ಕರೆಂಟ್ ಹೋಗಿ ಒಂದು ರಾತ್ರಿಯದು ನೀರುಪಾಲು.

ಮಳೆಗಾಲದ ಮೋಡದ ಬೆಳಕು ಇದಕ್ಕೆ ವರ. ಗಟ್ಟಿ ನೆರಳು ಬೀಳುವುದಿಲ್ಲ. ಸಗಣಿ ಸಾರಿಸಿದ ಅಂಗಳ ಚಂದವಾಗಿ ಬಂತು, ಯಾಕೆಂದರೆ ಬಳಿದ ಕೈಯ ಗೆರೆ ಒಂದರಂತೆ ಒಂದಿಲ್ಲ. ಕೆತ್ತನೆಯ ಕಂಬವೂ ಹಾಗೇ. ಅಡುಗೆಮನೆಯ ಸುಣ್ಣದ ಗೋಡೆ ಮಾತ್ರ ಕಾಣೆಯಾಯಿತು. ಬರೀ ಬಿಳಿಯಲ್ಲಿ ತಂತ್ರಾಂಶಕ್ಕೆ ಹಿಡಿಯಲು ಚುಕ್ಕಿಯೇ ಇಲ್ಲ. ಜಗುಲಿಯ ಹೊಳೆಯುವ ಕೆಂಪು ನೆಲವಂತೂ ಹಳ್ಳ ಬಿದ್ದ ರಸ್ತೆ ಹಾಗೆ ಬಂತು, ಹೊಳಪು ಒಂದೊಂದು ಕಡೆಯಿಂದ ಒಂದೊಂದು ಥರ ಕಾಣುತ್ತದಲ್ಲ. ಗೋಡೆಗೆ ಹಳೇ ಪೇಪರ್ ಚೂರು ಅಂಟಿಸಿ ಮತ್ತೆ ತೆಗೆದೆ. ಆ ಚೂರುಗಳ ಮೇಲೆ ಸುಣ್ಣದ ಬಣ್ಣವನ್ನು ಆಮೇಲೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಬಳಿದೆ. ನೆಲವನ್ನು ಸೀದಾ ಚಪ್ಪಟೆ ಹಾಳೆಯಾಗಿ ಹಾಕಿದೆ. ಅಡಕೆ ತೋಟದ ಆಸೆ ಬಿಟ್ಟೆ. ಗಾಳಿಗೆ ಸೋಗೆ ಅಲ್ಲಾಡುತ್ತದೆ, ಅಲ್ಲಾಡುವುದು ಇದಕ್ಕೆ ಆಗುವುದಿಲ್ಲ. ಅಂಗಳದ ಆಚೆ ದೂರಕ್ಕೆ ತೋಟದ ಒಂದು 360 ಫೋಟೋವನ್ನೇ ಪರದೆ ಹಾಗೆ ಕಟ್ಟಿದೆ. ದೂರದ್ದಕ್ಕೆ ಪನೋರಮ ಸಾಕು ಅಂತ ಗುಡ್ಡ ಕಲಿಸಿತ್ತಲ್ಲ.

ನಿಜವಾದ ಕಾಟ ಆಮೇಲೆ. ತಂತ್ರಾಂಶ ಮನೆಯ ಮೈಯನ್ನು ಸಣ್ಣ ಸಣ್ಣ ತ್ರಿಕೋನ ಜೋಡಿಸಿ ಕಟ್ಟುತ್ತದೆ, ನಮ್ಮ ಮನೆಯಲ್ಲಿ ಅಂಥವು ಕೋಟಿಗಟ್ಟಲೆ. ಹೆಡ್‌ಸೆಟ್ ಸೆಕೆಂಡಿಗೆ 72 ಚಿತ್ರ ಬಿಡಿಸಬೇಕು, ಅಂದರೆ ಒಂದು ಚಿತ್ರಕ್ಕೆ 14 ಮಿಲಿಸೆಕೆಂಡೂ ಇಲ್ಲ. ತಡವಾದರೆ ಮತ್ತೆ ನಿಂಬೆಹಣ್ಣು. ತ್ರಿಕೋನಗಳನ್ನು ಕೆಲವು ಲಕ್ಷಕ್ಕೆ ಇಳಿಸಿ, ಕೆತ್ತನೆಯ ಸೂಕ್ಷ್ಮವನ್ನು ಅವುಗಳ ಮೇಲೆ ಅಂಟಿಸುವ ಚಿತ್ರದಲ್ಲೇ ಉಳಿಸಿಕೊಳ್ಳಲು ವಾರಗಟ್ಟಲೆ ಹಿಡಿಯಿತು. 360 ವಿಡಿಯೋಗೆ ಈ ತಾಪತ್ರಯವಿಲ್ಲ. ಅಲ್ಲಿನ ಕೊರತೆ ಬೇರೆ. ಅಡ್ಡಕ್ಕೆ 5760 ಚುಕ್ಕಿ (ಪಿಕ್ಸೆಲ್) ಇರುವ 5.7ಕೆ ವಿಡಿಯೋ ಎಂದು ಬೀಗಿದರೂ ಅದು ಸುತ್ತಲಿಗೂ ಹಂಚಿಹೋಗುತ್ತದೆ. ಎದುರಿನ 90 ಡಿಗ್ರಿಗೆ ಸಿಗುವುದು 1440. ಅತಿಥಿಗಳು "ಮಬ್ಬು ಮಬ್ಬು" ಅಂದಿದ್ದು ಸುಮ್ನೆ ಅಲ್ಲ.

ಈಗ ಯಾರಾದರೂ ವಿಆರ್ ಕೇಳಿದರೆ ಮೊದಲು ಕೇಳುವುದು, ನೋಡುವವರು ನಡೆಯಬೇಕೋ, ಕೂತು ನೋಡಿದರೆ ಸಾಕೋ ಅಂತ. ಹತ್ತರಲ್ಲಿ ಒಂಬತ್ತು ಜನಕ್ಕೆ ಕೂತರೆ ಸಾಕು. ಬಿಲ್ಲಿನಲ್ಲಿ "360 ವಿಡಿಯೋ" ಎಂದೇ ಬರೆಯುತ್ತೇನೆ, ದುಡ್ಡೂ ಕಡಿಮೆ. ಹೋಂಸ್ಟೇಯವರು ಗುಡ್ಡದ ತುಣುಕನ್ನು ಇನ್ನೂ ತೋರಿಸುತ್ತಾರಂತೆ.

ದೊಡ್ಡಾಯಿಗೆ ಹೊಸದನ್ನು ತೋರಿಸಿದಾಗ ಮನೆ ಬಿಚ್ಚಿ ಆಗಿತ್ತು. ಹೆಡ್‌ಸೆಟ್ ಹಾಕಿ, ನಾನು ಒಂದು ಕಡೆ, ಅತ್ತಿಗೆ ಒಂದು ಕಡೆ ಹಿಡಿದು ನಿಂತೆವು. ದೊಡ್ಡಾಯಿ ಎರಡು ಹೆಜ್ಜೆ ನಡೆದು ಕಂಬದ ಹಿಂದೆ ಬಗ್ಗಿದರು. ತಬಕು ಕಂಡಿತು. ಎತ್ತಿಕೊಳ್ಳಲು ಕೈ ಹಾಕಿದರು, ಅದನ್ನು ನಾನು ಮಾಡಿರಲಿಲ್ಲ. ಆಮೇಲೆ ಕಂಬಕ್ಕೆ ಕೈ ಊರಲು ಹೋದರು. ಅತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದಕ್ಕೆ ಬಚಾವು.

"ಕೊಟ್ಟಿಗೆಗೆ ಹೋಪದು ಹ್ಯಾಂಗೆ?" ಎಂದು ಕೇಳಿದರು.

ಕೊಟ್ಟಿಗೆಯದು ನನ್ನ ಹತ್ತಿರ ಇರುವುದು ಆ ಒಂದೇ 360 ಫೋಟೋ. ಅಡುಗೆಮನೆಯ ಹಿಂಬಾಗಿಲ ಹತ್ತಿರ ಅದನ್ನು ಗೋಳದ ಹಾಗೆ ಇಟ್ಟಿದ್ದೇನೆ. ತಲೆ ಒಳಗೆ ಹಾಕಿದರೆ ಸುತ್ತ ಕೊಟ್ಟಿಗೆ ಕಾಣುತ್ತದೆ. ಅಲ್ಲಿ ನಡೆಯಲು ಬರುವುದಿಲ್ಲ ಎಂದು ದೊಡ್ಡಾಯಿಗೆ ಮೊದಲೇ ಹೇಳಿದ್ದೇನೆ. ಅವರು ಅಲ್ಲಿಗೆ ಹೋದಾಗ ಕುರ್ಚಿ ಕೇಳುತ್ತಾರೆ.