ಅಮೆರಿಕದಲ್ಲಿ ನಮ್ಮನೆಗೆ ಬಂದವರು ಬಿದ್ದು ಪೆಟ್ಟಾದರೆ

ಮನೆ ತುಂಬ ನೆಂಟರು, ಬಾಗಿಲಲ್ಲಿ ಚಪ್ಪಲಿ ರಾಶಿ, ಬೇಸ್‌ಮೆಂಟ್‌ಗೆ ಓಡಾಡುವ ಮಕ್ಕಳು. ಆಗ ಯಾರಾದರೂ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡರೆ ಖರ್ಚು ಯಾರದು? 'ಅವರು ನಮ್ಮವರೇ, ಕೇಸು ಹಾಕ್ತಾರಾ?' ಅಂತ ತುಂಬ ಜನ ಇದನ್ನು ಯೋಚಿಸುವುದೇ ಇಲ್ಲ.

ಆದರೆ ಇಲ್ಲಿ ಕೇಸು ಅಂದರೆ ಜಗಳವೇ ಆಗಬೇಕಿಲ್ಲ. ಆಸ್ಪತ್ರೆ ಬಿಲ್ ಕಟ್ಟಿದ, ಬಿದ್ದವರ ಹೆಲ್ತ್ ಇನ್ಶೂರೆನ್ಸ್ ಕಂಪನಿಯೇ 'ಎಲ್ಲಿ ಬಿದ್ದಿರಿ?' ಅಂತ ಕೇಳಿ, ಆ ದುಡ್ಡನ್ನು ನಿಮ್ಮ ಕಡೆಯಿಂದ ವಸೂಲಿ ಮಾಡಲು ನೋಡಬಹುದು. 2015ರಲ್ಲಿ ಕನೆಕ್ಟಿಕಟ್‌ನಲ್ಲಿ ಒಬ್ಬ ಹೆಂಗಸು ತಮ್ಮ ಕುಟುಂಬದ ಪುಟ್ಟ ಹುಡುಗನ ಮೇಲೇ ಕೇಸು ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಅಲ್ಲಿನ ಕಾನೂನಿನಲ್ಲಿ ನೇರವಾಗಿ ಇನ್ಶೂರೆನ್ಸ್ ಕಂಪನಿ ಮೇಲೆ ಕೇಸು ಹಾಕುವಂತಿಲ್ಲ, ಅದಕ್ಕೇ ಹುಡುಗನ ಹೆಸರಲ್ಲಿ ಹಾಕಬೇಕಾಯಿತು ಅಂತ ಅವರ ವಕೀಲರು ಹೇಳಿದ್ದರು. ಜ್ಯೂರಿ ಆ ಹೆಂಗಸಿಗೆ ಏನೂ ಕೊಡಲಿಲ್ಲ. ಹಾಗಾಗಿ ಸ್ನೇಹಿತರಿಂದ ನೋಟಿಸ್ ಬಂದರೆ ತಕ್ಷಣ ಸಂಬಂಧ ಕಡಿದುಕೊಳ್ಳಬೇಡಿ.

ನಿಮ್ಮ ಮನೆಯಲ್ಲಿ ಬಿದ್ದರು ಅಂದ ಮಾತ್ರಕ್ಕೆ ತಪ್ಪು ನಿಮ್ಮದಾಗುವುದಿಲ್ಲ. ಅಪಾಯ ಇರೋದು ನಿಮಗೆ ಗೊತ್ತಿತ್ತಾ, ಗೊತ್ತಿದ್ದೂ ಸರಿ ಮಾಡದೆ, ಹೇಳದೆ ಬಿಟ್ಟಿರಾ ಅನ್ನೋದೇ ಮುಖ್ಯ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪು ಕೊಟ್ಟ ರೋಲ್ಯಾಂಡ್ ವರ್ಸಸ್ ಕ್ರಿಶ್ಚಿಯನ್ ಕೇಸು ಇದಕ್ಕೆ ಒಳ್ಳೇ ಉದಾಹರಣೆ. ಬಾತ್‌ರೂಮಿನ ನಲ್ಲಿಯ ಹಿಡಿ ಒಡೆದಿರುವುದು ಮನೆಯಾಕೆಗೆ ಗೊತ್ತಿತ್ತು, ಅತಿಥಿಗೆ ಹೇಳಿರಲಿಲ್ಲ. ಅವರ ಕೈಗೆ ಗಾಯವಾಯಿತು. ಕೋರ್ಟು ಕೇಸನ್ನು ಮುಂದುವರಿಸಲು ಬಿಟ್ಟಿತು. ಆಕೆ ಇದ್ದದ್ದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ! ಬಾಡಿಗೆಯವರೂ ರೆಂಟರ್ಸ್ ಇನ್ಶೂರೆನ್ಸ್ (ಬಾಡಿಗೆದಾರರ ವಿಮೆ) ತಗೊಳ್ಳಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ನಿಯಮ ರಾಜ್ಯಕ್ಕೊಂದು ತರ. ಮ್ಯಾಸಚೂಸೆಟ್ಸ್‌ನಲ್ಲಿ ತಾನಾಗಿ ಬಿದ್ದ ಹಿಮದಲ್ಲಿ ಯಾರಾದರೂ ಜಾರಿದರೆ ಮನೆಯವರು ಹೊಣೆಯಲ್ಲ ಅನ್ನೋ ಹಳೇ ನಿಯಮವನ್ನು 2010ರಲ್ಲಿ ಕೋರ್ಟು ತೆಗೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ನಾಯಿ ಹಿಂದೆ ಯಾರನ್ನೂ ಕಚ್ಚಿರದಿದ್ದರೂ ಅದು ಕಚ್ಚಿದರೆ ನೀವೇ ಹೊಣೆ.

ಈಗ ನಿಮ್ಮ ಹೋಮ್‌ಓನರ್ಸ್ ಪಾಲಿಸಿ, ಅಂದರೆ ಮನೆಯ ವಿಮೆ, ತೆಗೆದು ನೋಡಿ. ಲಯಬಿಲಿಟಿ ಮೊತ್ತ (ನೀವು ಹೊಣೆಯಾದಾಗ ಕಂಪನಿ ಕೊಡುವ ಗರಿಷ್ಠ ಮೊತ್ತ) ಎಷ್ಟೋ ಪಾಲಿಸಿಗಳಲ್ಲಿ 1 ಲಕ್ಷ ಡಾಲರ್ ಮಾತ್ರ ಇರುತ್ತದೆ. ಇಲ್ಲಿನ ಆಸ್ಪತ್ರೆ ಖರ್ಚಿಗೆ ಅದು ಸಾಲದು, 3 ಲಕ್ಷಕ್ಕಾದರೂ ಏರಿಸಿ. ಅದರ ಮೇಲೆ 10 ಲಕ್ಷದ ಅಂಬ್ರೆಲಾ ಪಾಲಿಸಿಯೂ (ಮೊದಲ ಮೊತ್ತ ಸಾಲದಾದಾಗ ಕೊಡುವ ಹೆಚ್ಚುವರಿ ವಿಮೆ) ಸಿಗುತ್ತದೆ. ಮೆಡಿಕಲ್ ಪೇಮೆಂಟ್ಸ್ ಅನ್ನೋ ಸಾಲು ಬೇರೆ ಇರುತ್ತದೆ, ಸಾಮಾನ್ಯವಾಗಿ 1,000ದಿಂದ 5,000 ಡಾಲರ್. ತಪ್ಪು ಯಾರದು ಅಂತ ನೋಡದೆ ಸಣ್ಣಪುಟ್ಟ ಗಾಯಕ್ಕೆ ಅದು ಕೊಡುತ್ತದೆ. ಟ್ರ್ಯಾಂಪೊಲೀನ್, ಈಜುಕೊಳ, ನಾಯಿ ಇದ್ದರೆ ಕಂಪನಿಗೆ ಮೊದಲೇ ತಿಳಿಸಿ.

ಊರಿಂದ ಬರುವ ಅಪ್ಪ ಅಮ್ಮನ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಈ ಪಾಲಿಸಿಗಳು ಅದೇ ಮನೆಯಲ್ಲಿ ವಾಸವಿರುವ ಕುಟುಂಬದವರ ಗಾಯಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಆರು ತಿಂಗಳು ಉಳಿಯಲು ಬಂದವರನ್ನು ಅತಿಥಿ ಅನ್ನಬೇಕಾ, ಮನೆಯವರು ಅನ್ನಬೇಕಾ ಅಂತ ಕಂಪನಿ ತಕರಾರು ತೆಗೆಯಬಹುದು. ಅವರಿಗೆ ಪ್ರತ್ಯೇಕ ವಿಸಿಟರ್ ಇನ್ಶೂರೆನ್ಸ್ (ಭೇಟಿಗೆ ಬರುವವರ ಆರೋಗ್ಯ ವಿಮೆ) ಮಾಡಿಸದೆ ವಿಮಾನ ಹತ್ತಿಸಬೇಡಿ.

ಯಾರಾದರೂ ಬಿದ್ದರೆ ಮೊದಲು ಅವರನ್ನು ನೋಡಿಕೊಳ್ಳಿ, ಬೇಕಾದರೆ 911ಕ್ಕೆ ಕರೆ ಮಾಡಿ. ಆಮೇಲೆ ಆ ಜಾಗದ ಫೋಟೋ ತೆಗೆದು, ಬೇಗ ಇನ್ಶೂರೆನ್ಸ್‌ನವರಿಗೆ ತಿಳಿಸಿ. ಸಂಕೋಚಕ್ಕೆ 'ಬಿಲ್ ಎಲ್ಲಾ ನಾನೇ ಕೊಡ್ತೀನಿ' ಅನ್ನಬೇಡಿ. ಕಂಪನಿಯನ್ನು ಕೇಳದೆ ನೀವಾಗಿ ಕೊಟ್ಟ ದುಡ್ಡು ಸಾಮಾನ್ಯವಾಗಿ ನಿಮ್ಮ ಖರ್ಚಿಗೇ ಸೇರುತ್ತದೆ.