ತಿಂಗಳ ಬಜೆಟ್‌ಗೆ ಮೊದಲು ವರ್ಷದ ಪಟ್ಟಿ

ಮಧ್ಯಮ ವರ್ಗದ ಮನೆಯ ಬಜೆಟ್ ಹೆಚ್ಚಾಗಿ ಮುಗ್ಗರಿಸುವುದು ಜೂನ್ ತಿಂಗಳಲ್ಲಿ, ಶಾಲೆಯ ಶುಲ್ಕ ಕಟ್ಟುವಾಗ. ಸುಧಾರಿಸಿಕೊಳ್ಳುವಷ್ಟರಲ್ಲಿ ಗೌರಿ–ಗಣೇಶ, ದಸರಾ, ದೀಪಾವಳಿ. ಇವೆಲ್ಲ ಕ್ಯಾಲೆಂಡರಿನಲ್ಲಿ ಮೊದಲೇ ಅಚ್ಚಾಗಿರುವ ಖರ್ಚುಗಳು. ಆದರೂ ಪ್ರತಿ ವರ್ಷ ಕೈಸಾಲ ಮಾಡುತ್ತೇವೆ.

ಆದ್ದರಿಂದ ತಿಂಗಳ ಲೆಕ್ಕ ಪಕ್ಕಕ್ಕಿಡಿ. ಕಳೆದ ವರ್ಷದ ಪಾಸ್‌ಬುಕ್, ಯುಪಿಐ ವಿವರಗಳನ್ನು ತೆರೆದು, ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬರುವ ಖರ್ಚುಗಳನ್ನು ಹಾಳೆಗೆ ಇಳಿಸಿ. ತಿಂಗಳಿಗೆ 45,000 ರೂಪಾಯಿ ಕೈಗೆ ಬರುವ, ಸ್ವಂತ ಮನೆಯಿರುವ ಕುಟುಂಬ ಎಂದುಕೊಳ್ಳೋಣ. ಮಕ್ಕಳ ಶಾಲೆಗೆ 36,000, ಆರೋಗ್ಯ ವಿಮೆಗೆ 18,000, ಹಬ್ಬ ಮತ್ತು ಬಟ್ಟೆಗೆ 12,000, ಊರಿನ ಜಾತ್ರೆ, ಮದುವೆ ಮುಯ್ಯಿಗೆ 10,000, ಸ್ಕೂಟರಿನ ವಿಮೆ, ಸರ್ವಿಸ್‌ಗೆ 4,000, ಮನೆ ಕಂದಾಯಕ್ಕೆ 4,000. ಒಟ್ಟು 84,000, ಅಂದರೆ ತಿಂಗಳಿಗೆ 7,000. ಮುಯ್ಯಿಯನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಡಬೇಡಿ, ಮದುವೆಯ ಕರೆಯೋಲೆಗಳು ಗುಂಪಾಗಿಯೇ ಬರುತ್ತವೆ.

ಸಂಬಳ ಬಂದ ದಿನವೇ ಈ 7,000 ಬೇರೊಂದು ಉಳಿತಾಯ ಖಾತೆಗೆ ಹೋಗಲಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ. ಅಂಚೆ ಕಚೇರಿಯ ಆರ್‌ಡಿ (ತಿಂಗಳ ಕಂತಿನ ಠೇವಣಿ) ತಿಂಗಳಿಗೆ 100 ರೂಪಾಯಿಯಿಂದಲೇ ಆರಂಭವಾಗುತ್ತದೆ, ಆದರೆ ಅವಧಿ 5 ವರ್ಷ. ಬರುವ ಜೂನ್‌ನ ಶುಲ್ಕಕ್ಕೆ ಅದು ಒದಗದು. ಈ ಕ್ರಮ ಶುರುಮಾಡಲು ಜುಲೈ ಹದವಾದ ತಿಂಗಳು: ದೊಡ್ಡ ಖರ್ಚು ಆಗಷ್ಟೇ ಮುಗಿದಿರುತ್ತದೆ.

ಉಳಿದ 38,000ದಲ್ಲಿ ಸಾಲದ ಕಂತು, ಹಾಲು, ಮೊಬೈಲ್, ಗ್ಯಾಸ್ ಇತ್ಯಾದಿ ಕಟ್ಟಲೇಬೇಕಾದ ಖರ್ಚುಗಳನ್ನು ಮೊದಲು ಕಳೆಯಿರಿ. ಗ್ಯಾಸ್ ತಿಂಗಳ ಲೆಕ್ಕಕ್ಕೆ ಸಿಗುವುದಿಲ್ಲ, 14.2 ಕೆ.ಜಿ. ಸಿಲಿಂಡರ್ ಹಚ್ಚಿದ ದಿನವನ್ನು ಬರೆದಿಟ್ಟುಕೊಂಡರೆ ನಿಮ್ಮ ಮನೆಯಲ್ಲಿ ಅದು ಎಷ್ಟು ದಿನ ಬರುತ್ತದೆಂದು ತಿಳಿಯುತ್ತದೆ. ಗೃಹಜ್ಯೋತಿ ಇದೆಯೆಂದು ವಿದ್ಯುತ್ತಿಗೆ ಸೊನ್ನೆ ಬರೆಯುವುದೂ ಅಪಾಯವೇ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಗೆ ಸ್ವಲ್ಪ ತೆಗೆದಿಡಿ.

ಇನ್ನುಳಿಯುವುದು ದಿನಸಿ, ತರಕಾರಿ, ಪೆಟ್ರೋಲ್, ಹೊರಗಿನ ತಿಂಡಿ. ದಿನಸಿಯನ್ನು ತಿಂಗಳಿಗೊಮ್ಮೆ ಚೀಟಿ ಬರೆದು ತನ್ನಿ. ಮಿಕ್ಕವನ್ನು ವಾರದ ಲೆಕ್ಕಕ್ಕೆ ತಿರುಗಿಸಿ. 20, 30 ರೂಪಾಯಿಗೆಲ್ಲ ಸ್ಕ್ಯಾನ್ ಮಾಡುವ ಕೈಗೆ ಕಡಿವಾಣ ಬೇಕಿದ್ದರೆ ಯುಪಿಐ ಆ್ಯಪ್‌ನೊಳಗೇ ಚಿಕ್ಕ ಪರ್ಸಿನಂತಿರುವ ಯುಪಿಐ ಲೈಟ್ ಬಳಸಿ. ಅದರಲ್ಲಿ 5,000 ರೂಪಾಯಿವರೆಗೆ ಇಡಬಹುದು, ಒಂದು ಪಾವತಿಗೆ ಮಿತಿ 1,000. ಪ್ರತಿ ಸೋಮವಾರ ವಾರದ ಮೊತ್ತವನ್ನು ತುಂಬಿ, ತಾನಾಗಿಯೇ ತುಂಬಿಕೊಳ್ಳುವ ಸೌಲಭ್ಯವನ್ನು ಮುಚ್ಚಿಡಿ. ಗುರುವಾರವೇ ಬರಿದಾದರೆ ಯಾಕೆಂದು ಮನೆಯವರೆಲ್ಲ ಕೂತು ನೋಡಿ. ಸಾಮಾನ್ಯವಾಗಿ ಉತ್ತರ ಬೇಕರಿಯ ಬಳಿ ಸಿಗುತ್ತದೆ.

ಕ್ರೆಡಿಟ್ ಕಾರ್ಡಿನ ಕನಿಷ್ಠ ಬಾಕಿಯನ್ನಷ್ಟೇ ಕಟ್ಟುವ ಮನೆಯಲ್ಲಿ ಈ ಯಾವ ಲೆಕ್ಕವೂ ನಿಲ್ಲದು. ಮೊದಲು ಆ ಸಾಲ ತೀರಲಿ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮನೆಯ ಆದಾಯಕ್ಕೆ ಸೇರಿಸದಿರುವುದು ಮೇಲು. ಅದು ಗೃಹಿಣಿಯ ಖಾತೆಗೆ ಬರುವ ಹಣ. ಏನು ಮಾಡಬೇಕೆಂಬುದು ಆಕೆಗೆ ಬಿಟ್ಟದ್ದು. ಹಾಗೆಯೇ ಅತ್ತೆ–ಮಾವನವರಿಂದ ಹಿಡಿದು ಕಾಲೇಜಿಗೆ ಹೋಗುವ ಮಗಳವರೆಗೆ ಪ್ರತಿಯೊಬ್ಬರಿಗೂ ಲೆಕ್ಕ ಕೇಳದ ಒಂದಿಷ್ಟು ಕೈಖರ್ಚು ಇರಲಿ, 300 ರೂಪಾಯಿಯಾದರೂ ಸರಿ. ಅದಿಲ್ಲದ ಕಡೆ ದಿನಸಿಯ ಲೆಕ್ಕದಲ್ಲಿ ಸುಳ್ಳು ಸೇರಿಕೊಳ್ಳುತ್ತದೆ.