ಅಂಬೆಗಾಲು ಶುರುವಾದ ಮನೆಯಲ್ಲಿ ತುಂಬಿದ ಬಕೆಟ್ಟು

ಮಗು ಅಂಬೆಗಾಲಿಡೋಕೆ ಶುರು ಮಾಡಿತು ಅಂದರೆ ಮೆಟ್ಟಿಲಿಗೆ ಗೇಟು ಹಾಕಿಸುತ್ತಾರೆ, ಪ್ಲಗ್ಗಿಗೆ ಮುಚ್ಚಳ ತರುತ್ತಾರೆ. ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕೇಳಿದರೆ ಮೊದಲು ಹೆದರಬೇಕಾದ್ದು ಅದಕ್ಕೇ. ಒಂದು ಒಂದೂವರೆ ವರ್ಷದ ಕೂಸಿಗೆ ತಲೆಯೇ ಭಾರ. ಒಳಗಿರುವ ಮಗ್ಗು ಎತ್ತಿಕೊಳ್ಳೋಕೆ ಬಗ್ಗಿದರೆ ತಲೆ ಕೆಳಗಾಗಿ ಹೋಗುತ್ತದೆ, ಆಮೇಲೆ ಕಾಲು ನೆಲಕ್ಕೆ ಸಿಗುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ, ತುಂಬಿದ ಬಕೆಟ್ಟು ಉರುಳುವುದೂ ಇಲ್ಲ. ಮೂಗು ಬಾಯಿ ಮುಳುಗುವಷ್ಟು, ಎರಡು ಇಂಚು ನೀರೇ ಸಾಕು. ಕೂಗಿದಾಗ ಓಡಿಹೋದರಾಯ್ತು ಅಂತೀರಾ? ಬಾಯಿ ನೀರಲ್ಲಿದ್ದರೆ ಕೂಗೋದು ಹೇಗೆ!

ನಲ್ಲಿ ಎರಡು ದಿನಕ್ಕೊಮ್ಮೆ ಬರುವ ಬೀದಿಯಲ್ಲಿ ನೀರು ತುಂಬಿಡಬೇಡಿ ಅನ್ನೋಕೆ ಆಗಲ್ಲ. ತುಂಬಿಡಿ, ಆದರೆ ತಿರುಗಿಸಿ ಬಿಗಿ ಮಾಡುವ ಮುಚ್ಚಳದ ಡ್ರಮ್ಮಿನಲ್ಲಿ. ಹಂಡೆ ಮೇಲೆ ಸುಮ್ನೆ ತಟ್ಟೆ ಮುಚ್ಚಿಟ್ಟರೆ ಮಗು ಅದನ್ನು ತಳ್ಳಿ ಆಟ ಆಡುತ್ತದೆ. ನೆಲ ಒರೆಸಿದ ನೀರು, ಬಟ್ಟೆ ನೆನೆಸಿದ ನೀರು ಕೆಲಸ ಮುಗಿದ ಕೂಡಲೇ ಚೆಲ್ಲಿ, ಬಕೆಟ್ಟು ಬೋರಲು ಹಾಕಿ.

ಬಚ್ಚಲ ಬಾಗಿಲಿಗೆ ಹೊರಗಡೆಯಿಂದ, ದೊಡ್ಡವರ ತಲೆಮಟ್ಟಕ್ಕೆ ಒಂದು ಚಿಲಕ ಹಾಕಿಸಿ. ಒಳಗಡೆ ಕೆಳಗೊಂದು ಚಿಲಕ ಇದ್ದರೆ ಬಿಚ್ಚಿಸಿಬಿಡಿ. ಮಗು ಒಳಗೆ ಹೋಗಿ ಅದನ್ನು ಜಾರಿಸಿಕೊಂಡಿತು ಅಂದರೆ ಬಾಗಿಲು ಒಡೆಯಬೇಕಾಗುತ್ತದೆ, ಅಷ್ಟು ಹೊತ್ತು ಎಲ್ಲಿದೆ?

ಸಂಪಿನ ಮುಚ್ಚಳಕ್ಕೆ ಬೀಗ ಇರಲೇಬೇಕು. ತುಕ್ಕು ಹಿಡಿದ ತಗಡಾದರೆ ಬದಲಾಯಿಸಿ, ಮಗು ಅದರ ಮೇಲೆ ಕುಣಿಯುತ್ತದೆ. ಟ್ಯಾಂಕರಿನವರು ಮುಚ್ಚಳ ಎತ್ತಿ ಪೈಪು ಇಳಿಬಿಟ್ಟು ಹೊರಗೆ ಗಾಡಿ ಹತ್ತಿರ ಹೋಗುತ್ತಾರಲ್ಲ, ಆ ಹೊತ್ತು ಭಾರೀ ಅಪಾಯ. ನೀರು ತುಂಬಿ ಬೀಗ ಬೀಳುವ ತನಕ ಮನೆಯವರೊಬ್ಬರು ಅಲ್ಲೇ ನಿಂತಿರಬೇಕು.

ಸ್ನಾನ ಮಾಡಿಸುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡಿ. ಟವೆಲ್ಲು, ಸೋಪು ಎಲ್ಲ ಮುಂಚೆಯೇ ಹತ್ತಿರ ಇಟ್ಟುಕೊಳ್ಳಿ. ನಡುವೆ ಕಾಲಿಂಗ್ ಬೆಲ್ ಆದರೆ ಮಗುವನ್ನು ಟವೆಲ್ಲಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ. ಐದು ವರ್ಷದ ಅಕ್ಕನಿಗೆ ‘ಸ್ವಲ್ಪ ನೋಡ್ಕೋ ಪುಟ್ಟಿ’ ಅಂತ ಹೇಳಿ ಹೋಗುವುದು ನನಗಂತೂ ಒಪ್ಪಿಗೆಯಿಲ್ಲ, ಅದೂ ಮಗುವೇ ಅಲ್ವಾ. ನಾಮಕರಣ, ಹಬ್ಬ ಅಂತ ಮನೆ ತುಂಬ ಜನ ಇರುವ ದಿನ ಇನ್ನೂ ಕಷ್ಟ. ಅತ್ತೆ ನೋಡುತ್ತಾರೆ ಅಂತ ಸೊಸೆ, ಸೊಸೆ ನೋಡುತ್ತಾಳೆ ಅಂತ ಅತ್ತೆ. ‘ಈಗ ಮಗು ನಿಮ್ಮ ಹತ್ತಿರ’ ಅಂತ ಬಾಯಿಬಿಟ್ಟು ಹೇಳಿಯೇ ಕೈ ಬದಲಾಯಿಸಿ.

ಮಗು ಕಾಣಿಸಲಿಲ್ಲವೋ, ಮಂಚದ ಕೆಳಗೆ ಹುಡುಕುವ ಮುಂಚೆ ಬಚ್ಚಲು, ಸಂಪು ನೋಡಿ. ನೀರಲ್ಲಿ ಸಿಕ್ಕಿದರೆ ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡವೇ ಬೇಡ, ಹೊತ್ತು ಹಾಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ಮನೆಯಲ್ಲಿ ಇಬ್ಬರಾದರೂ ಮುಂಚೆಯೇ ಕಲಿತಿರಿ. ಮಗು ಕೆಮ್ಮಿ ಅತ್ತು ಸರಿಯಾದ ಹಾಗೆ ಕಂಡರೂ ಅವತ್ತೇ ಆಸ್ಪತ್ರೆಗೆ ತೋರಿಸಿ, ಉಸಿರಾಟದ ತೊಂದರೆ ಕೆಲವೊಮ್ಮೆ ಗಂಟೆಗಳಾದ ಮೇಲೆ ಕಾಣಿಸುತ್ತದೆ.